ಡೀಸೆಲ್ ಟಾಕಿಗೆ ಟು-ಟಿ ಆಯಿಲ್

ಅರಕೇರಿಯಲ್ಲಿರುವ ನಮ್ಮ ಕಾಕಾನ ದ್ರಾಕ್ಷಿ ಪಡದ ಪಂಪ್ ಮನೆಯಲ್ಲಿ ಒಂದು ಲೀಟರಿನ ಟು-ಟಿ ಆಯಿಲ್ ಡಬ್ಬಿ ವರ್ಷವಿಡೀ ಇರುತ್ತದೆ. ಬೆನ್ನಿಗೆ ಕಟ್ಟಿಕೊಂಡು ಎಣ್ಣಿ ಹೊಡೆಯುವ ಪೆಟ್ರೋಲ್ ಪಂಪಿಗೆ, ಕಳೆ ಕತ್ತರಿಸುವ ಯಂತ್ರಕ್ಕೆ ಅದು ಬೇಕೇ ಬೇಕು. ಆದರೆ ಡಬ್ಬಿಯ ಬಹುಪಾಲು ಖಾಲಿಯಾಗುವುದು ಬೇರೆ ಕಡೆಗೆ. ಹಳೆಯ ಫೋರ್ ವೀಲ್ ಜೀಪಿಗೆ ಡೀಸೆಲ್ ಹಾಕಿಸಲು ಹೊರಡುವ ಮೊದಲು ಕಾಕಾ ಅದರಿಂದ ಎರಡು ಲೋಟದಷ್ಟನ್ನು ಟಾಕಿಗೆ ಸುರಿಯುತ್ತಾನೆ. ‘ಮಿಸ್ತ್ರಿ ಹೇಳ್ಯಾನ, ಪಂಪಿಗಿ ಚಲೋ. ಇಂಜಿನ್ ಮೆತ್ತಗ ಓಡತೈತಿ’ ಅನ್ನುತ್ತಾನೆ.

ಮೊನ್ನೆ ಕಾಕಾನ ಮಗ ಹೊಸ ಬಿಎಸ್-6 ಫೋರ್ ವೀಲ್ ಡ್ರೈವ್ ಗಾಡಿ ತಂದ. ಪೂಜೆ ಮುಗಿದು ತೆಂಗಿನಕಾಯಿ ಒಡೆದಾದ ಮೇಲೆ ಕಾಕಾ ಅದೇ ಡಬ್ಬಿ ಹಿಡಿದು ಬಂದ. ‘ಇದಕ್ಕೂ ಹಾಕೂಣೇನೋ ತಮ್ಮಾ?’ ಎಂದು ನನ್ನನ್ನು ಕೇಳಿದ. ಅವನು ಕೇಳಿದ್ದು ಒಳ್ಳೆಯ ಪ್ರಶ್ನೆ. ದಕ್ಷಿಣ ಆಫ್ರಿಕಾದಲ್ಲಿ, ಆಸ್ಟ್ರೇಲಿಯಾದಲ್ಲಿ, ಜರ್ಮನಿಯಲ್ಲಿಯೂ ಡೀಸೆಲ್ ಗಾಡಿ ಇಟ್ಟವರು ಬಹಳ ವರ್ಷಗಳಿಂದ ಇದನ್ನೇ ಕೇಳುತ್ತ ಬಂದಿದ್ದಾರೆ. ಅವರಲ್ಲಿ ಹಲವರು ಇನ್ನೂರು ಲೀಟರ್ ಡೀಸೆಲ್‌ಗೆ ಒಂದು ಲೀಟರಿನ ಲೆಕ್ಕದಲ್ಲಿ ಟು-ಟಿ ಬೆರೆಸುತ್ತಾರೆ. ಅರವತ್ತು ಲೀಟರ್ ಟಾಕಿಗೆ 300 ಮಿಲಿ ಆಯಿತು.

ಈ ರೂಢಿಯ ಹಿಂದೆ ನಿಜವಾದ ಒಂದು ಕಾರಣವಿದೆ. ಡೀಸೆಲ್ ಇಂಜಿನ್‌ಗೆ ಪ್ಲಗ್ಗಿನ ಕಿಡಿ ಇಲ್ಲ. ಗಾಳಿಯನ್ನು ಒತ್ತಿ ಒತ್ತಿ ಕಾಯಿಸಿ, ಆ ಬಿಸಿಯೊಳಗೆ ಡೀಸೆಲ್ಲನ್ನು ಮಂಜಿನಂತೆ ಚಿಮ್ಮಿಸಬೇಕು. ಚಿಮ್ಮಿಸುವ ಕೆಲಸ ಪಂಪು ಮತ್ತು ನೋಜಲ್‌ಗಳದ್ದು. ಅವುಗಳೊಳಗೆ ಒಂದರಲ್ಲೊಂದು ಜಾರುವ ಉಕ್ಕಿನ ಭಾಗಗಳ ನಡುವಿನ ಸಂದು ಎರಡು-ಮೂರು ಮೈಕ್ರಾನ್ ಮಾತ್ರ. ನಮ್ಮ ತಲೆಗೂದಲು ಸುಮಾರು ಎಪ್ಪತ್ತು ಮೈಕ್ರಾನ್ ದಪ್ಪ. ಅಷ್ಟು ಸಣ್ಣ ಸಂದಿನಲ್ಲಿ ಬೇರೆ ಗ್ರೀಸು, ಬೇರೆ ಎಣ್ಣೆ ಹೋಗುವುದಿಲ್ಲ. ಅಲ್ಲಿ ಡೀಸೆಲ್ಲೇ ಉರುವಲು, ಡೀಸೆಲ್ಲೇ ಜಾರೆಣ್ಣೆ.

ಡೀಸೆಲ್‌ಗೆ ಆ ಜಾರುಗುಣ ಬರುವುದು ಅದರಲ್ಲಿ ಅಲ್ಪಸ್ವಲ್ಪ ಇರುವ, ಆಮ್ಲಜನಕ ಮತ್ತು ಸಾರಜನಕ ಸೇರಿದ ಅಣುಗಳಿಂದ. ಈ ಅಣುಗಳು ಲೋಹದ ಮೈಗೆ ಅಂಟಿ ತೆಳು ಪೊರೆ ಕಟ್ಟುತ್ತವೆ. ಉಕ್ಕಿಗೆ ಉಕ್ಕು ತಾಗದಂತೆ ಆ ಪೊರೆ ಕಾಯುತ್ತದೆ. ತೊಂದರೆ ಶುರುವಾದದ್ದು ಗಂಧಕ ತೆಗೆಯಲು ಹೊರಟಾಗ. ಗಂಧಕ ಉರಿದರೆ ಗಾಳಿ ಕೆಡುತ್ತದೆ, ಹೊಗೆ ಶುದ್ಧ ಮಾಡುವ ಉಪಕರಣಗಳೂ ಕೆಡುತ್ತವೆ. ಅದಕ್ಕೇ ಸಂಸ್ಕರಣಾಗಾರಗಳಲ್ಲಿ ಭಾರೀ ಒತ್ತಡ, ಬಿಸಿಯಲ್ಲಿ ಹೈಡ್ರೋಜನ್ ಹಾಯಿಸಿ ಗಂಧಕವನ್ನು ಹೊರಗೆ ಹಾಕುತ್ತಾರೆ. ಗಂಧಕದ ಜತೆಗೆ ಪೊರೆ ಕಟ್ಟುವ ಅಣುಗಳೂ ಹೋಗಿಬಿಡುತ್ತವೆ. ಭಾರತ್ ಸ್ಟೇಜ್ 3ರ ಡೀಸೆಲ್‌ನಲ್ಲಿ ಹತ್ತು ಲಕ್ಷ ಪಾಲಿಗೆ 350 ಪಾಲು ಗಂಧಕ ಇರಬಹುದಿತ್ತು. 2017ರ ಏಪ್ರಿಲ್‌ನಲ್ಲಿ ದೇಶಕ್ಕೆಲ್ಲ ಬಿಎಸ್-4 ಬಂದಾಗ ಅದು 50 ಆಯಿತು, 2020ರ ಏಪ್ರಿಲ್‌ನಲ್ಲಿ ಬಿಎಸ್-6 ಬಂದಾಗ 10ಕ್ಕೆ ಇಳಿಯಿತು.

ಸ್ವೀಡನ್ ಈ ದಾರಿಯಲ್ಲಿ ನಮಗಿಂತ ಮುಂದಿತ್ತು. 1990ರ ದಶಕದ ಆರಂಭದಲ್ಲೇ ಅಲ್ಲಿ ಗಂಧಕ ತೀರಾ ಕಡಿಮೆ ಇರುವ ಡೀಸೆಲ್ ಬಂತು. ಅದರ ಹಿಂದೆಯೇ ಪಂಪುಗಳು ಸವೆದು ಕೈಕೊಡತೊಡಗಿದವು. ಅಲ್ಲಿಂದ ಮುಂದೆ ಜಾರುಗುಣ ಕೊಡುವ ದ್ರವ್ಯವನ್ನು ಸಂಸ್ಕರಣಾಗಾರದಲ್ಲೇ ಬೆರೆಸುವ ಪದ್ಧತಿ ಬಂತು, ಅದನ್ನು ಅಳೆಯುವ ಪರೀಕ್ಷೆಯೂ ಬಂತು.

ಆ ಪರೀಕ್ಷೆ ನೋಡಲು ಬಲು ಸರಳ. ಒಂದು ಸಣ್ಣ ಬಟ್ಟಲಲ್ಲಿ ಎರಡು ಮಿಲಿ ಡೀಸೆಲ್, ಅದರೊಳಗೆ ಮುಳುಗಿದ ಒಂದು ಉಕ್ಕಿನ ಬಿಲ್ಲೆ. ಮೇಲೆ ಆರು ಮಿಲಿಮೀಟರಿನ ಉಕ್ಕಿನ ಗುಂಡು, ಗುಂಡಿನ ಮೇಲೆ 200 ಗ್ರಾಂ ಭಾರ. ಡೀಸೆಲ್ಲನ್ನು 60 ಡಿಗ್ರಿಗೆ ಕಾಯಿಸಿ, ಆ ಗುಂಡನ್ನು ಒಂದು ಮಿಲಿಮೀಟರ್ ಅಂತರದಲ್ಲಿ ಸೆಕೆಂಡಿಗೆ 50 ಸಲದಂತೆ 75 ನಿಮಿಷ ಹಿಂದೆ ಮುಂದೆ ಉಜ್ಜುತ್ತಾರೆ. ಎರಡು ಲಕ್ಷಕ್ಕೂ ಹೆಚ್ಚು ಸಲ ಉಜ್ಜಿದ ಮೇಲೆ ಗುಂಡಿನ ಮೈಮೇಲೆ ಬಿದ್ದ ಗಾಯವನ್ನು ಸೂಕ್ಷ್ಮದರ್ಶಕದಲ್ಲಿ ಅಳೆಯುತ್ತಾರೆ. ಗಾಯ 460 ಮೈಕ್ರಾನ್ ದಾಟಬಾರದು, ಅಂದರೆ ಅರ್ಧ ಮಿಲಿಮೀಟರಿಗಿಂತ ಕಡಿಮೆ ಇರಬೇಕು. ನಮ್ಮ ದೇಶದ ಡೀಸೆಲ್ ಮಾನದಂಡದಲ್ಲೂ ಇದೇ ಮಿತಿ. ಹೀಗಾಗಿ ಕಾಕಾ ಭಯಪಡುವ ‘ಒಣ ಡೀಸೆಲ್’ಗೆ ಮದ್ದು ಬಂಕಿಗೆ ಬರುವ ಮೊದಲೇ ಬಿದ್ದಿರುತ್ತದೆ.

ಹಾಗಾದರೆ ಟು-ಟಿ ಏನು ಮಾಡುತ್ತದೆ? ಆರ್‌ಎಕ್ಸ್ 100, ಯೆಜ್ಡಿ, ಲೂನಾ ಓಡಿಸಿದವರಿಗೆ ಈ ಎಣ್ಣೆಯ ಪರಿಚಯ ಬೇಕಿಲ್ಲ. ಟು-ಸ್ಟ್ರೋಕ್ ಇಂಜಿನ್ನಿನ ತಳದಲ್ಲಿ ಆಯಿಲ್ ನಿಲ್ಲುವ ಜಾಗವಿಲ್ಲ. ಎಣ್ಣೆ ಪೆಟ್ರೋಲಿನ ಜತೆಗೇ ಒಳಗೆ ಹೋಗಿ, ಬೇರಿಂಗಿಗೆ, ಪಿಸ್ಟನ್ನಿಗೆ ಸವರಿಕೊಂಡು, ಕೊನೆಗೆ ಉರಿದುಹೋಗಬೇಕು. ಹಾಗೆ ಉರಿಯಲೆಂದೇ ಅದನ್ನು ಕಡಿಮೆ ಬೂದಿ ಉಳಿಯುವಂತೆ ತಯಾರಿಸುತ್ತಾರೆ. ಇಂಜಿನ್ ಆಯಿಲ್ ಬಿಟ್ಟು ಮಿಸ್ತ್ರಿಗಳು ಟು-ಟಿಯನ್ನೇ ಆರಿಸಿಕೊಂಡದ್ದರಲ್ಲಿ ಅನುಭವದ ತಿಳಿವಳಿಕೆ ಇದೆ. ಚಿಮಣಿ ಎಣ್ಣಿ ಬೆರೆತ ಡೀಸೆಲ್ ಸಿಗುತ್ತಿದ್ದ ದಿನಗಳಲ್ಲಿ ಅವರ ಕಾಳಜಿಗೆ ಅರ್ಥವೂ ಇತ್ತು, ಏಕೆಂದರೆ ಚಿಮಣಿ ಎಣ್ಣಿ ಡೀಸೆಲ್‌ಗಿಂತ ತೆಳು, ಅದರ ಜಾರುಗುಣವೂ ಕಡಿಮೆ.

ಆದರೆ ಟು-ಟಿ ತಯಾರಾದದ್ದು ಡೀಸೆಲ್ ಪಂಪಿಗಲ್ಲ. ಲೋಹಕ್ಕೆ ಅಂಟುವ ಗುಣ ಹೆಚ್ಚಾಗಿರುವುದು ಸಸ್ಯಜನ್ಯ ಎಣ್ಣೆಯಿಂದ ಮಾಡಿದ ಜೈವಿಕ ಡೀಸೆಲ್‌ಗೆ. ನೂರಕ್ಕೆ ಒಂದೆರಡು ಪಾಲು ಬೆರೆಸಿದರೂ ಗುಂಡಿನ ಗಾಯ ಎದ್ದು ಕಾಣುವಷ್ಟು ಸಣ್ಣದಾಗುತ್ತದೆ. ನಮ್ಮ ಹೊಂಗೆಯಿಂದ ಅಂಥ ಡೀಸೆಲ್ ಮಾಡುವ ಕೆಲಸ ಹಾಸನದ ಮಡೆನೂರಿನ ಜೈವಿಕ ಇಂಧನ ಉದ್ಯಾನದಲ್ಲಿ ನಡೆದಿದೆ. ಹಾಗೆಂದು ಗಾಣದ ಹೊಂಗೆ ಎಣ್ಣೆಯನ್ನೇ ಟಾಕಿಗೆ ಸುರಿಯಬಾರದು. ಅದು ಮಂದ, ನೋಜಲ್‌ನಲ್ಲಿ ಅಂಟು ಕಟ್ಟುತ್ತದೆ.

ಇನ್ನು ಯಾವ ಗಾಡಿಗೆ ಏನಾಗುತ್ತದೆ ಎಂಬುದು ಪಂಪಿನ ಮೇಲೆ ನಿಂತಿದೆ. ಹಳೆಯ ಜೀಪು, ಟ್ರ್ಯಾಕ್ಟರುಗಳ ಸಾಲು ಪಂಪಿನಲ್ಲಿ ಕ್ಯಾಮ್ ಇರುವ ಕೆಳಭಾಗಕ್ಕೆ ಇಂಜಿನ್ ಆಯಿಲ್ಲೇ ಜಾರೆಣ್ಣೆ. ಡೀಸೆಲ್ ತುಸು ಒಣಗಿದ್ದರೂ ಅದು ತಾಳಿಕೊಳ್ಳುತ್ತದೆ. ರೋಟರಿ ಪಂಪಿಗೆ ಎಲ್ಲವೂ ಡೀಸೆಲ್ಲೇ, ಅದು ಹೆಚ್ಚು ನಾಜೂಕು. ಈ ಎರಡಕ್ಕೂ ಟು-ಟಿಯಿಂದ ದೊಡ್ಡ ಹಾನಿ ಇಲ್ಲ, ಒಳ್ಳೆಯ ಡೀಸೆಲ್ ಇದ್ದರೆ ದೊಡ್ಡ ಲಾಭವೂ ಇಲ್ಲ.

ಮೂರನೆಯದು ಹೊಸ ಗಾಡಿಗಳ ಕಾಮನ್ ರೈಲ್. 1997ರಲ್ಲಿ ಮೊದಲು ಕಾರಿಗೆ ಬಂದಾಗಲೇ ಅದರ ಒತ್ತಡ 1350 ಬಾರ್ ಇತ್ತು, ಈಗ 2000 ಬಾರ್ ದಾಟಿದೆ. ಬಿಎಸ್-6 ಗಾಡಿಯಲ್ಲಿ ಇದರ ಜತೆಗೆ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಜಾಲರಿ ಇರುತ್ತದೆ, ಅದನ್ನು ಡಿಪಿಎಫ್ ಅನ್ನುತ್ತಾರೆ. ಹಿಡಿದಿಟ್ಟ ಮಸಿಯನ್ನು ಗಾಡಿ ಆಗಾಗ ತಾನೇ ಸುಮಾರು 600 ಡಿಗ್ರಿ ಬಿಸಿಯಲ್ಲಿ ಸುಟ್ಟುಹಾಕುತ್ತದೆ. ಮಸಿ ಇಂಗಾಲ, ಸುಡುತ್ತದೆ. ಬೂದಿ ಸುಡುವುದಿಲ್ಲ. ಒಲೆಯಲ್ಲಿ ಕಟ್ಟಿಗೆ ಉರಿದುಹೋದರೂ ಬೂದಿ ಉಳಿಯುತ್ತದಲ್ಲ, ಹಾಗೆ.

ಕಾಕಾನ ಮುಂದೆಯೇ ಲೆಕ್ಕ ಹಾಕಿದೆ. ಎಫ್‌ಡಿ ಗುರುತಿನ ಉತ್ತಮ ಟು-ಟಿಯಲ್ಲೂ ಬೂದಿ ತೂಕದಲ್ಲಿ ಶೇ 0.18ರವರೆಗೆ ಇರಬಹುದು. 300 ಮಿಲಿ ಅಂದರೆ ಸುಮಾರು 260 ಗ್ರಾಂ ಎಣ್ಣೆ. ಅದರಿಂದ ಟಾಕಿಗೆ ಅರ್ಧ ಗ್ರಾಂ, ನೂರು ಟಾಕಿಗೆ 50 ಗ್ರಾಂ ಬೂದಿ. ಒಂದು ಹಿಡಿ ಬೂದಿಯನ್ನು ನಮ್ಮ ಕೈಯಾರೆ ಜಾಲರಿಯ ಕಣ್ಣುಗಳಿಗೆ ತುಂಬಿದಂತೆ. ಅದು ಕಟ್ಟಿಕೊಂಡರೆ ಬಿಚ್ಚಿ ತೊಳೆಯಬೇಕು, ಇಲ್ಲವೇ ಬದಲಿಸಬೇಕು, ಅದರ ಖರ್ಚು ಭಾರೀ. 50 ಅಶ್ವಶಕ್ತಿ ಮೀರಿದ ಟ್ರ್ಯಾಕ್ಟರುಗಳಿಗೂ 2023ರ ಜನವರಿಯಿಂದ ಹೊಗೆಯ ನಿಯಮ ಬಿಗಿಯಾಗಿದೆ, ಅವುಗಳನ್ನು ಕೊಂಡ ರೈತರೂ ಕೈಪಿಡಿ ಓದಿಯೇ ಮುಂದುವರಿಯಬೇಕು.

‘ಹಂಗಾರ ಪಂಪ್ ಯಾಕ ಹೊಕ್ಕಾವೋ?’ ಅಂದ ಕಾಕಾ. ಉತ್ತರಕ್ಕೆ ಹಳೆಯ ಜೀಪಿನ ಹತ್ತಿರ ಹೋದೆವು. ಡೀಸೆಲ್ ಫಿಲ್ಟರಿನ ತಳದ ತಿರುಪು ಸಡಿಲಿಸಿ ಗಾಜಿನ ಬಾಟಲಿ ಹಿಡಿದೆ. ಮೊದಲು ಬಂದದ್ದು ಮಬ್ಬು ಮಬ್ಬಾದ ದ್ರವ, ಆಮೇಲೆ ತಿಳಿ ಡೀಸೆಲ್. ಬಾಟಲಿಯನ್ನು ಕಟ್ಟೆಯ ಮೇಲಿಟ್ಟು ಸ್ವಲ್ಪ ಹೊತ್ತು ಕಾದೆವು. ತಳದಲ್ಲಿ ಎರಡು ಚಮಚೆಯಷ್ಟು ನೀರು ಬೇರೆಯಾಗಿ ನಿಂತಿತು, ಅದರ ಕೆಳಗೆ ಸಣ್ಣ ಕಪ್ಪು ಧೂಳು. ಬಾಯಿ ತೆರೆದಿಟ್ಟ ಕ್ಯಾನು, ಬೇಸಿಗೆಯ ಧೂಳು, ಅರ್ಧ ಖಾಲಿ ಟಾಕಿಯೊಳಗೆ ರಾತ್ರಿ ತಂಪಿಗೆ ಹನಿಗಟ್ಟುವ ತೇವ, ಬಂದದ್ದು ಇಲ್ಲಿಂದಲೇ. ಎರಡು-ಮೂರು ಮೈಕ್ರಾನ್ ಸಂದಿಗೆ ಈ ನೀರು ತುಕ್ಕು, ಈ ಧೂಳು ಅರ. ಇದಕ್ಕೆ ಯಾವ ಎಣ್ಣೆಯೂ ಮದ್ದಲ್ಲ. ಫಿಲ್ಟರನ್ನು ಹೊತ್ತಿಗೆ ಸರಿಯಾಗಿ ಬದಲಿಸಬೇಕು, ನೀರನ್ನು ಆಗಾಗ ಇಳಿಸಬೇಕು, ಕ್ಯಾನಿನ ಬಾಯಿ ಮುಚ್ಚಿಡಬೇಕು.

ಕಾಕಾ ಬಾಟಲಿಯನ್ನು ಬಿಸಿಲಿಗೆ ಎತ್ತಿ ಹಿಡಿದು ಬಹಳ ಹೊತ್ತು ನೋಡಿದ. ‘ಇಷ್ಟ್ ದಿನಾ ಇದನ್ನ ಪಂಪಿಗಿ ಕುಡಸಾಕತ್ತಿದ್ನ್ಯಾ?’ ಅಂದ. ಟು-ಟಿ ಡಬ್ಬಿ ಈಗಲೂ ಪಂಪ್ ಮನೆಯಲ್ಲಿದೆ, ಎಣ್ಣಿ ಹೊಡೆಯುವ ಯಂತ್ರಕ್ಕೆ. ಅದರ ಪಕ್ಕದಲ್ಲಿ ಈಗ ಒಂದು ಖಾಲಿ ಗಾಜಿನ ಬಾಟಲಿಯೂ ಇದೆ.