ಚಲಚ್ಚಿತ್ರಗಳ ಉತ್ತರಚರಿತೆ

ಒಂದು ಕಥೆ ಜನರ ಮನಸ್ಸನ್ನು ಗೆದ್ದಿತೆಂದರೆ, ಕೇಳಿದವರ ಬಾಯಿಂದ ಮೊತ್ತಮೊದಲು ಹೊರಡುವ ಪ್ರಶ್ನೆ ‘ಆಮೇಲೇನಾಯಿತು?’ ಎಂಬುದೇ. ತೊಡೆಯ ಮೇಲೆ ಕುಳಿತ ಮೊಮ್ಮಗನು ಅಜ್ಜಿಯನ್ನು ಕೇಳುವುದೂ ಇದನ್ನೇ. ಚಿತ್ರಮಂದಿರದಿಂದ ಹೊರಬರುವ ಜನಸಮೂಹವು ಕೇಳುವುದೂ ಇದನ್ನೇ. ಅಜ್ಜಿಗೆ ಈ ಪ್ರಶ್ನೆಯಿಂದ ನಷ್ಟವಾಗತಕ್ಕದ್ದೇನೂ ಇಲ್ಲ. ನಿದ್ದೆಯೊಂದು ಗಳಿಗೆ ತಡವಾದೀತು, ಅಷ್ಟೇ. ಚಿತ್ರನಿರ್ಮಾಪಕನಿಗಾದರೋ ಇದು ಕೋಟಿಗಟ್ಟಲೆ ರೂಪಾಯಿಗಳ ಪ್ರಶ್ನೆ. ಜನರು ಒಮ್ಮೆ ಮೆಚ್ಚಿದುದನ್ನೇ ಮತ್ತೆ ಬಡಿಸಿದರೆ ‘ಇದು ನಿನ್ನೆಯ ಅಡಿಗೆ’ ಎಂಬ ದೂರು. ಹೊಸದನ್ನು ಬಡಿಸಿದರೆ ‘ನಾವು ಬಯಸಿ ಬಂದುದು ಇದನ್ನಲ್ಲ’ ಎಂಬ ಆಕ್ಷೇಪ.

ಈ ಸಂದಿಗ್ಧವು ಈಗ ದೂರದ ಹಾಲಿವುಡ್ಡಿನವರ ಪಾಡಾಗಿ ಮಾತ್ರ ಉಳಿದಿಲ್ಲ. ‘ಕೆ.ಜಿ.ಎಫ್.’ ಮತ್ತು ‘ಕಾಂತಾರ’ ಚಿತ್ರಗಳ ಅಧ್ಯಾಯಗಳು ಕನ್ನಡ ಚಿತ್ರರಂಗವನ್ನು ದೇಶದ ಮುಂಚೂಣಿಗೆ ತಂದ ಮೇಲೆ ಅದು ನಮ್ಮ ಮನೆಯ ಜಗುಲಿಗೇ ಬಂದು ಕುಳಿತಿದೆ. ಆದಕಾರಣ ಉತ್ತರಭಾಗವೆಂಬುದು ಭದ್ರವಾದ ಹಾದಿಯನ್ನು ಹಿಡಿಯುತ್ತದೆಯೋ, ಸಾಹಸಕ್ಕೆ ಕೈಯಿಕ್ಕುತ್ತದೆಯೋ ಎಂದು ವಿಚಾರಿಸುವುದು ಬರಿಯ ಕಾಲಕ್ಷೇಪವಲ್ಲ. ಇನ್ನು ಮುಂದೆ ನಮ್ಮ ಭಾಷೆಯಲ್ಲಿ ಎಂತಹ ಕಥೆಗಳು ಹುಟ್ಟತಕ್ಕವು ಎಂಬುದೂ ಇದರಲ್ಲಿ ಅಡಗಿದೆ.

ವಾಚಕ ಮಹಾಶಯರೇ, ಈ ಪ್ರಶ್ನೆ ಹೊಸದೇನೂ ಅಲ್ಲ. ಸುಮಾರು ಎಂಟನೆಯ ಶತಮಾನದಲ್ಲಿದ್ದ ಭವಭೂತಿಯು ಇದನ್ನು ಎದುರಿಸಿದ್ದನು. ಅವನ ‘ಮಹಾವೀರಚರಿತ’ವು ರಾಮನ ಪಟ್ಟಾಭಿಷೇಕದವರೆಗಿನ ಕಥೆ, ಅಲ್ಲಿ ಪ್ರಧಾನವಾದುದು ವೀರರಸ. ಅದರ ಮುಂದಿನ ಕಥೆಯನ್ನು ಹೇಳಹೊರಟಾಗ ಅವನು ಮತ್ತೊಬ್ಬ ರಾಕ್ಷಸನನ್ನು ತಂದು ಮತ್ತೊಂದು ಯುದ್ಧವನ್ನು ಹೂಡಲಿಲ್ಲ. ‘ಉತ್ತರರಾಮಚರಿತ’ದಲ್ಲಿ ರಸವನ್ನೇ ಬದಲಾಯಿಸಿದನು, ವೀರನಾಗಿದ್ದ ರಾಮನನ್ನು ತನ್ನ ಆಜ್ಞೆಯಿಂದಲೇ ತನ್ನ ಹೃದಯವನ್ನು ಸೀಳಿಕೊಂಡ ದುಃಖಿಯನ್ನಾಗಿ ನಿಲ್ಲಿಸಿದನು.

ಅದರ ಮೊದಲನೆಯ ಅಂಕವನ್ನು ಸ್ವಲ್ಪ ಗಮನಿಸಬೇಕು. ಸೀತಾರಾಮರು ತಮ್ಮ ಹಿಂದಿನ ಜೀವನವನ್ನು ಬರೆದಿರುವ ಚಿತ್ರಗಳನ್ನು ಲಕ್ಷ್ಮಣನೊಡನೆ ನೋಡುತ್ತಾರೆ. ಇಂದಿನ ಭಾಷೆಯಲ್ಲಿ ಹೇಳುವುದಾದರೆ, ಇದು ‘ಹಿಂದಿನ ಭಾಗದಲ್ಲಿ ನಡೆದುದು’ ಎಂಬ ಸ್ಮರಣೆ. ಆದರೆ ಕವಿಯು ಅದನ್ನು ಪ್ರೇಕ್ಷಕರ ಚಪ್ಪಾಳೆಗಾಗಿ ಇಟ್ಟವನಲ್ಲ. ಆ ಚಿತ್ರಗಳನ್ನು ನೋಡಿದ ಗರ್ಭಿಣಿ ಸೀತೆಗೆ ಆ ವನಗಳಲ್ಲಿ ಮತ್ತೊಮ್ಮೆ ವಿಹರಿಸಬೇಕೆಂಬ ಬಯಕೆ ಹುಟ್ಟುತ್ತದೆ. ಆ ಬಯಕೆಯೇ ಅವಳನ್ನು ಕಾಡಿಗಟ್ಟುವುದಕ್ಕೆ ನೆಪವಾಗುತ್ತದೆ. ಹಳೆಯ ಸಂತೋಷದ ನೆನಪೇ ಹೊಸ ದುಃಖದ ಬೀಜ. ಇಷ್ಟಕ್ಕೇ ನಿಲ್ಲದೆ, ಕೊನೆಯಲ್ಲಿ ಸೀತೆ ಭೂಮಿಯನ್ನು ಸೇರುವ ಪ್ರಸಿದ್ಧ ಕಥೆಯನ್ನು ಬಿಟ್ಟು, ದಂಪತಿಗಳನ್ನು ಒಂದುಗೂಡಿಸುವ ಧೈರ್ಯವನ್ನೂ ಅವನು ತೋರಿದನು. ಉತ್ತರಭಾಗವನ್ನು ಬರೆಯುವವನು ಹಿಂದಿನದನ್ನು ಹೇಗೆ ಬಳಸಬೇಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಒರೆಗಲ್ಲು ನನಗೆ ತಿಳಿದಿಲ್ಲ.

ಈ ಒರೆಗಲ್ಲಿನಿಂದ ದೊರೆಯುವ ಸೂತ್ರವಿಷ್ಟು. ಸಾಹಸದಲ್ಲಿ ಎರಡು ಬಗೆ: ಒಂದು ಧನಸಾಹಸ, ಇನ್ನೊಂದು ಭಾವಸಾಹಸ. ಹೆಚ್ಚು ಹಣ ಸುರಿದು, ದೊಡ್ಡ ಅರಮನೆಗಳನ್ನು ಕಟ್ಟಿಸಿ, ಸಾವಿರಾರು ಜನರನ್ನು ಕೂಡಿಸಿ ಯುದ್ಧ ಮಾಡಿಸುವುದು ಧನಸಾಹಸ. ಜನರು ಪ್ರೀತಿಸಿದ ನಾಯಕನನ್ನು ಅವರು ಕಾಣಲು ಇಚ್ಛಿಸದ ಸ್ಥಿತಿಯಲ್ಲಿ ತೋರಿಸುವುದು, ರಸವನ್ನು ಬದಲಿಸುವುದು, ಮೊದಲ ಗೆಲುವಿಗೆ ಎಂತಹ ಬೆಲೆ ತೆರಬೇಕಾಯಿತೆಂದು ಕೇಳುವುದು ಭಾವಸಾಹಸ. ಇವೆರಡೂ ಒಂದೇ ಎಂದು ಜನರು ಭಾವಿಸುತ್ತಾರೆ. ಜಾಹೀರಾತುಗಳೂ ಹಾಗೆಯೇ ನಂಬಿಸುತ್ತವೆ. ನಿಜಸ್ಥಿತಿಯಾದರೋ ಬಹುಮಟ್ಟಿಗೆ ಇದಕ್ಕೆ ವಿರೋಧವಾಗಿದೆ. ಹೂಡಿದ ಹಣ ಹೆಚ್ಚಿದಷ್ಟೂ ಕಲ್ಪನೆಯ ಧೈರ್ಯ ಕುಗ್ಗುತ್ತದೆ. ನಮ್ಮ ಕನ್ನಡ ಚಿತ್ರಗಳಿಂದಲೇ ಇದನ್ನು ಪರೀಕ್ಷಿಸೋಣ.

ಮೊದಲಿಗೆ ಒಂದು ಭೇದವನ್ನು ಹೇಳಬೇಕು. ಮಾಲೆ ಬೇರೆ, ಉತ್ತರಭಾಗ ಬೇರೆ. ಡಾ. ರಾಜಕುಮಾರ್ ಅವರು ಗೂಢಚಾರನಾಗಿ ನಟಿಸಿದ ‘ಜೇಡರ ಬಲೆ’ ಮತ್ತು ‘ಗೋವಾದಲ್ಲಿ ಸಿ.ಐ.ಡಿ. ೯೯೯’ ಚಿತ್ರಗಳು ೧೯೬೮ರಲ್ಲಿಯೂ, ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. ೯೯೯’ ಎಂಬುದು ೧೯೬೯ರಲ್ಲಿಯೂ, ‘ಆಪರೇಷನ್ ಡೈಮಂಡ್ ರಾಕೆಟ್’ ೧೯೭೮ರಲ್ಲಿಯೂ ಬಂದವು. ದೊರೈ–ಭಗವಾನ್ ಜೋಡಿಯ ನಿರ್ದೇಶನದ ಈ ಚಿತ್ರಗಳಲ್ಲಿ ನಾಯಕನು ಪ್ರತಿಸಲವೂ ಹೊಸ ಕಾರ್ಯಕ್ಕೆ ಹೊರಡುತ್ತಾನೆ. ಇವು ಒಂದೇ ದಾರದಲ್ಲಿ ಪೋಣಿಸಿದ ಮಣಿಗಳು. ಒಂದು ಮಣಿ ಇನ್ನೊಂದಕ್ಕೆ ಸಾಲಗಾರನಲ್ಲ. ಇಂಥವು ಭದ್ರಮಾರ್ಗವನ್ನು ಹಿಡಿದರೆ ಅದನ್ನು ದೋಷವೆನ್ನಲಾಗದು. ಪತ್ತೇದಾರಿ ಕಾದಂಬರಿಯ ಓದುಗನು ಪರಿಚಯದ ಸುಖವನ್ನೇ ಅರಸಿ ಬರುತ್ತಾನೆ, ಅದು ದೊರೆತರೆ ತೃಪ್ತನಾಗುತ್ತಾನೆ. ಉತ್ತರಭಾಗವಾದರೋ ಹಿಂದಿನ ಕಥೆಯ ಋಣವನ್ನು ಹೊತ್ತು ಹುಟ್ಟಿದ್ದು. ಅದು ಲೆಕ್ಕ ಒಪ್ಪಿಸಲೇಬೇಕು.

‘ಆಪ್ತಮಿತ್ರ’ ಚಿತ್ರವನ್ನು ನೋಡದ ಕನ್ನಡ ಮನೆ ಅಪರೂಪ. ೧೯೯೩ರ ಮಲೆಯಾಳದ ‘ಮಣಿಚ್ಚಿತ್ರತಾಳ್’ ಕಥೆಯನ್ನು ಪಿ. ವಾಸು ಅವರು ೨೦೦೪ರಲ್ಲಿ ಕನ್ನಡಕ್ಕೆ ತಂದರು. ಗಂಗೆಯ ಪಾತ್ರವನ್ನು ಧರಿಸಿದ ಸೌಂದರ್ಯ ಅವರು ಚಿತ್ರವು ತೆರೆಗೆ ಬರುವ ಮೊದಲೇ ವಿಮಾನ ದುರಂತದಲ್ಲಿ ತೀರಿಕೊಂಡಿದ್ದರು. ಆ ಚಿತ್ರದ ಹಿರಿಮೆಯೆಲ್ಲವೂ ಒಂದು ತಿರುವಿನಲ್ಲಿದೆ: ದೆವ್ವವೆಂದು ನಾವು ಹೆದರಿದುದು ವಾಸ್ತವವಾಗಿ ಒಬ್ಬ ಗೃಹಿಣಿಯ ಮನೋರೋಗ, ಅವಳನ್ನು ಉಳಿಸಿದುದು ವೈದ್ಯನ ಬುದ್ಧಿ ಮತ್ತು ಗಂಡನ ತಾಳ್ಮೆ. ೨೦೧೦ರಲ್ಲಿ ‘ಆಪ್ತರಕ್ಷಕ’ ಬಂದಿತು. ವಿಷ್ಣುವರ್ಧನ್ ಅವರು ೨೦೦೯ರ ಡಿಸೆಂಬರ್ ೩೦ರಂದು ನಿಧನರಾಗಿದ್ದುದರಿಂದ ಜನರು ಅದನ್ನು ಕಣ್ಣೀರಿನೊಡನೆಯೇ ನೋಡಿದರು. ಅದರಲ್ಲಿ ನಾಗವಲ್ಲಿಯ ಪಟವು ಬೇರೊಂದು ಮನೆಯನ್ನು ಸೇರಿತು. ಕಥೆಯ ಹಂದರ ಬಹಳಮಟ್ಟಿಗೆ ಹಳೆಯದೇ. ಆದರೆ ಹಿಂದೆ ಕೇವಲ ವೃತ್ತಾಂತದಲ್ಲಿ ಕೇಳಿಬಂದಿದ್ದ ಕ್ರೂರ ರಾಜನನ್ನು ಶತಾಯುಷ್ಯವನ್ನು ದಾಟಿ ಇನ್ನೂ ಜೀವಿಸಿರುವವನಂತೆ ತಂದು, ವೈದ್ಯನ ಪಾತ್ರಧಾರಿಯೇ ಅವನ ಪಾತ್ರವನ್ನೂ ವಹಿಸಿದರು. ಜನರು ಪೂಜಿಸುವ ನಟನು ಖಳನಾಗಿ ಅಬ್ಬರಿಸಿದುದು ನಟನೆಯ ಸಾಹಸವೇ ಸರಿ. ಕಥೆಯಲ್ಲಿ ಮಾತ್ರ ಹಿಮ್ಮೆಟ್ಟಿಕೆಯಾಯಿತು. ಮೊದಲ ಚಿತ್ರವು ಮಾಂತ್ರಿಕದಿಂದ ಮನಶ್ಶಾಸ್ತ್ರಕ್ಕೆ ನಮ್ಮನ್ನು ನಡೆಸಿತ್ತು. ಎರಡನೆಯದು ಕೈಹಿಡಿದು ಮತ್ತೆ ಮಾಂತ್ರಿಕಕ್ಕೇ ಕರೆತಂದಿತು. ಹೆದರಿಕೆ ಹೆಚ್ಚಿತು, ತಿಳಿವು ಕಡಿಮೆಯಾಯಿತು.

ಇನ್ನು ‘ಕೆ.ಜಿ.ಎಫ್.’. ಪ್ರಶಾಂತ್ ನೀಲ್ ನಿರ್ದೇಶನದ ಮೊದಲ ಅಧ್ಯಾಯ ೨೦೧೮ರ ಡಿಸೆಂಬರಿನಲ್ಲಿ, ಎರಡನೆಯದು ೨೦೨೨ರ ಏಪ್ರಿಲ್ ೧೪ರಂದು ಬಿಡುಗಡೆಯಾದವು. ಎರಡನೆಯದರ ಗಳಿಕೆ ಸಾವಿರ ಕೋಟಿಯನ್ನು ಮೀರಿತೆಂದು ಪತ್ರಿಕೆಗಳು ವರದಿ ಮಾಡಿದವು. ಕನ್ನಡ ಚಿತ್ರವೊಂದಕ್ಕೆ ಅದು ಅಭೂತಪೂರ್ವ. ಬಡತಾಯಿಗೆ ಕೊಟ್ಟ ಮಾತಿಗಾಗಿ ಐಶ್ವರ್ಯವನ್ನು ಬೆನ್ನಟ್ಟಿದ ರಾಕಿಯು, ಮೊದಲ ಅಧ್ಯಾಯದ ಕೊನೆಯಲ್ಲಿ ಗರುಡನನ್ನು ಕೊಂದು ನರಾಚಿಯ ಗಣಿಗೆ ಒಡೆಯನಾಗುತ್ತಾನೆ. ಮುಂದಿನ ಅಧ್ಯಾಯಕ್ಕೆ ಅತ್ಯುತ್ತಮವಾದ ಭಾವಬೀಜವು ಅಲ್ಲಿಯೇ ಬಿದ್ದಿತ್ತು. ಗುಲಾಮರನ್ನು ಬಿಡಿಸಿದವನ ಆಳ್ವಿಕೆಯಲ್ಲಿಯೂ ಅಗೆತ ನಿಲ್ಲಲಿಲ್ಲ. ಚಿನ್ನದ ಹಸಿವು ಇನ್ನೂ ಬೆಳೆಯಿತು. ವಿಮೋಚಕನೇ ಹೊಸ ಒಡೆಯನಾದರೆ ಆ ಜನರ ಪಾಡೇನು? ಚಿತ್ರವು ಈ ಪ್ರಶ್ನೆಯನ್ನು ಒಂದೆರಡು ಸಲ ಮುಟ್ಟಿ, ಕೂಡಲೇ ಅಧೀರನ ಕತ್ತಿಯ ಕಡೆಗೂ ‘ದೊಡ್ಡಮ್ಮ’ನೆಂಬ ಬಂದೂಕಿನ ಆರ್ಭಟದ ಕಡೆಗೂ ಓಡಿಬಿಡುತ್ತದೆ. ಇಷ್ಟಾದರೂ ಅನ್ಯಾಯವಾಗಿ ಮಾತನಾಡಬಾರದು. ಗರ್ಭಿಣಿಯಾದ ನಾಯಿಕೆಯ ಮರಣ, ಕೂಡಿಟ್ಟ ಚಿನ್ನದೊಡನೆ ನಾಯಕನೂ ಸಮುದ್ರದಲ್ಲಿ ಮುಳುಗುವುದು, ಇವು ಗೆದ್ದ ಕುದುರೆಯನ್ನು ಕೊನೆಯಲ್ಲಿ ಬಲಿಕೊಡುವಂಥ ನಿರ್ಧಾರಗಳು. ಆ ಚಿನ್ನಕ್ಕೆ ತೆತ್ತ ಬೆಲೆಯನ್ನು ಚಿತ್ರವು ಅಲ್ಲಿ ಲೆಕ್ಕ ಹಾಕಿತು. ಆದರೆ ಎಲ್ಲವೂ ಮುಗಿದ ಮೇಲೆ ಮೂರನೆಯ ಅಧ್ಯಾಯದ ಸೂಚನೆಯೊಂದನ್ನು ಅಂಟಿಸಿದುದರಿಂದ, ಮುಳುಗಿದವನನ್ನು ಮಾರುಕಟ್ಟೆಯು ಮತ್ತೆ ಮೇಲೆತ್ತೀತೋ ಎಂಬ ಶಂಕೆ ಉಳಿಯಿತು.

ಮೂರನೆಯದು ‘ಕಾಂತಾರ’, ನಮ್ಮ ಪ್ರಶ್ನೆಗೆ ಇದೇ ಮುಖ್ಯ ಸಾಕ್ಷಿ. ೨೦೨೨ರ ಸೆಪ್ಟೆಂಬರ್ ೩೦ರಂದು ಅದು ಬಿಡುಗಡೆಯಾದಾಗ ಕನ್ನಡದಲ್ಲಿ ಮಾತ್ರ ಇತ್ತು. ಜನರು ಮೆಚ್ಚಿದ ಮೇಲೆ ಇತರ ಭಾಷೆಗಳಿಗೆ ಹೋಯಿತು. ವರದಿಯಾದಂತೆ ಸುಮಾರು ೧೬ ಕೋಟಿ ರೂಪಾಯಿಗಳಲ್ಲಿ ಸಿದ್ಧವಾದ ಚಿತ್ರವದು. ಕರಾವಳಿಯ ಆಡುನುಡಿ, ಕಂಬಳ, ಪಂಜುರ್ಲಿ ಮತ್ತು ಗುಳಿಗ ದೈವಗಳ ಕೋಲ, ಕಾಡಿನವರಿಗೂ ಅರಣ್ಯ ಇಲಾಖೆಗೂ ಇರುವ ತಕರಾರು, ಭೂಮಿಯನ್ನು ನುಂಗಲು ಹೊಂಚುವ ಧಣಿ: ಇವನ್ನೆಲ್ಲ ಪರಭಾಷೆಯವನಿಗೆ ಅರ್ಥವಾದೀತೇ ಎಂಬ ಚಿಂತೆಯಿಲ್ಲದೆ ರಿಷಬ್ ಶೆಟ್ಟಿ ಅವರು ಕಥೆಯಾಗಿಸಿದರು. ಆ ನಿಶ್ಚಿಂತೆಯೇ ಅದರ ಸಾಹಸ; ಆ ಸಾಹಸದಿಂದಲೇ ಅದು ಎಲ್ಲರಿಗೂ ಅರ್ಥವಾಯಿತು. ನಾಯಕ ಶಿವನು ದೈವದ ಕರೆಗೆ ಹೆದರಿ ಅಲೆಯುವ ಸಾಮಾನ್ಯನು; ಅವನ ಅಂಜಿಕೆಯು ನಮ್ಮ ಅಂಜಿಕೆಯಂತೆಯೇ ಇತ್ತು. ಅವರಿಗೆ ಶ್ರೇಷ್ಠ ನಟನೆಂಬ ರಾಷ್ಟ್ರಪ್ರಶಸ್ತಿಯೂ ದೊರೆಯಿತು.

೨೦೨೫ರ ಅಕ್ಟೋಬರ್ ೨ರಂದು ಬಂದ ‘ಕಾಂತಾರ: ಅಧ್ಯಾಯ ೧’ ಮುಂದಕ್ಕೆ ಹೋಗದೆ ಹಿಂದಕ್ಕೆ, ಕದಂಬರ ಕಾಲದ ಹಿನ್ನೆಲೆಗೆ ಹೋಯಿತು. ವೆಚ್ಚವು ನೂರು ಕೋಟಿಯನ್ನು ದಾಟಿತೆಂದು ವರದಿ; ಬಿಡುಗಡೆಯೂ ಹಲವು ಭಾಷೆಗಳಲ್ಲಿ ಏಕಕಾಲಕ್ಕೆ. ಜನರು ಪ್ರೀತಿಸಿದ ಶಿವನನ್ನೂ ಅವನ ಊರನ್ನೂ ಬಿಟ್ಟು ಬೇರೊಂದು ಯುಗವನ್ನೇ ಕಟ್ಟಿದುದು ಸುಲಭದ ನಿರ್ಧಾರವಲ್ಲ. ಪ್ರೇಮಪಾತ್ರಳೆಂದು ತೋರಿದ ರಾಜಕುವರಿಯನ್ನು ಕೊನೆಗೆ ಪ್ರತಿಪಕ್ಷದಲ್ಲಿ ನಿಲ್ಲಿಸಿದುದು ನಿಜವಾದ ಭಾವಸಾಹಸ. ಆದರೂ ಕಾಡಿನವರ ಗುಡಿಸಲಿಗಿಂತ ಅರಮನೆಯೂ, ಕಾಡಿನ ಮೌನಕ್ಕಿಂತ ರಥಗಳ ಧಾವಂತವೂ ಅಲ್ಲಿ ಹೆಚ್ಚು ಜಾಗವನ್ನು ಹಿಡಿದವು. ಮೊದಲ ಚಿತ್ರದಲ್ಲಿ ದೈವದ ಆವೇಶವು ಒಂದೇ ಒಂದು ಸಲ, ಕೊನೆಯ ಗಳಿಗೆಯಲ್ಲಿ, ನಾಯಕನ ಮೈಮೇಲೆ ಬಂದು ನಮ್ಮ ಮೈ ನಡುಗಿಸಿತು. ಎರಡನೆಯದರಲ್ಲಿ ಅದೇ ಆವೇಶವನ್ನು ನಾವು ಟಿಕೆಟ್ಟು ಕೊಳ್ಳುವಾಗಲೇ ನಿರೀಕ್ಷಿಸುತ್ತಿದ್ದೆವು. ಚಿತ್ರವೂ ನಿರೀಕ್ಷೆಯನ್ನು ತಪ್ಪದೆ ಸಲ್ಲಿಸಿತು. ಅನಿರೀಕ್ಷಿತವಾಗಿ ಬಂದಾಗ ದರ್ಶನವಾಗಿದ್ದುದು, ನಿರೀಕ್ಷಿತವಾದಾಗ ಪ್ರದರ್ಶನವಾಗುವ ಅಪಾಯ ಇಲ್ಲಿದೆ. ಧನಸಾಹಸವು ಹಲವು ಪಾಲು ಬೆಳೆಯಿತು. ಭಾವಸಾಹಸವು ಅದರ ಜೊತೆಯಲ್ಲಿ ಹೆಜ್ಜೆ ಹಾಕಲಾರದೆ ಹಿಂದುಳಿಯಿತು ಎಂಬುದು ನನ್ನ ಅಭಿಪ್ರಾಯ.

ಇದಕ್ಕೆ ಯಾರನ್ನೂ ದೂಷಿಸಿ ಫಲವಿಲ್ಲ, ಕಾರಣವು ವ್ಯವಹಾರದಲ್ಲಿದೆ. ಹದಿನಾರು ಕೋಟಿಯ ಚಿತ್ರಕ್ಕೆ ನಮ್ಮ ನಾಡಿನ ಜನರು ಬಂದರೆ ಸಾಕು. ನೂರು ಕೋಟಿಯ ಚಿತ್ರಕ್ಕೆ ದೇಶವೆಲ್ಲ ಬರಬೇಕು. ಎಲ್ಲರಿಗೂ ತಕ್ಷಣ ತಿಳಿಯುವುದು ಕತ್ತಿ, ಬೆಂಕಿ ಮತ್ತು ಕೂಗು. ಒಂದು ಹಳ್ಳಿಯ ಜಗುಲಿಯ ಹಾಸ್ಯ, ಒಬ್ಬ ತಾಯಿಯ ಗೊಣಗಾಟ, ಇಂಥ ಸೂಕ್ಷ್ಮಗಳು ಮೊದಲು ಕತ್ತರಿಗೆ ಸಿಕ್ಕುತ್ತವೆ. ಹೀಗೆ ಗೆಲುವೇ ಗೆದ್ದವನ ಸ್ವಾತಂತ್ರ್ಯವನ್ನು ಕಿತ್ತುಕೊಳ್ಳುತ್ತದೆ.

ಕೆಲವರು ಹೇಳಬಹುದು: ‘ಸ್ವಾಮೀ, ಪರಿಚಿತವಾದುದನ್ನು ಬಯಸುವುದು ಮನುಷ್ಯಸ್ವಭಾವವಲ್ಲವೆ? ಯಕ್ಷಗಾನದಲ್ಲಿ ಒಂದೇ ಪ್ರಸಂಗವನ್ನು ನೂರು ಸಲ ನೋಡುವುದಿಲ್ಲವೆ?’ ಎಂದು. ಮಾತು ಸರಿಯೇ. ಆದರೆ ಅಲ್ಲಿ ಪ್ರಸಂಗವು ಹಳೆಯದಾದರೂ ಅರ್ಥಗಾರಿಕೆಯು ಪ್ರತಿ ರಾತ್ರಿಯೂ ಹೊಸದು. ವೇಷಧಾರಿಯು ಬರೆದುಕೊಟ್ಟ ಮಾತಿಲ್ಲದೆ ಎದುರಾಳಿಯ ಮುಂದೆ ನಿಂತು, ಆ ಕ್ಷಣದಲ್ಲಿಯೇ ಪಾತ್ರವನ್ನು ಹುಟ್ಟಿಸಬೇಕು. ತಪ್ಪಿದರೆ ಸಭೆಯೇ ಸಾಕ್ಷಿ. ಪರಿಚಿತವಾದ ಕಥೆಯಲ್ಲಿಯೂ ಅಲ್ಲಿ ಸಾಹಸವಿದೆ. ಪರಿಚಯವು ದೋಷವಲ್ಲ, ಪರಿಚಯದ ಮೇಲೆ ಒರಗಿ ನಿದ್ರಿಸುವುದು ದೋಷ.

ಆದುದರಿಂದ ಮನೆಮಂದಿಯೆಲ್ಲ ಕೂಡಿ ಉತ್ತರಭಾಗವೊಂದನ್ನು ನೋಡಿ ಬಂದ ರಾತ್ರಿ, ಊಟಕ್ಕೆ ಕುಳಿತಾಗ, ಮಕ್ಕಳನ್ನು ಮೂರು ಪ್ರಶ್ನೆಗಳನ್ನು ಕೇಳಬಹುದು. ಹಿಂದಿನ ಕಥೆಯ ನೆನಪು ಇಲ್ಲಿ ಹೊಸದೇನನ್ನಾದರೂ ಹುಟ್ಟಿಸಿತೇ, ಅಥವಾ ಚಪ್ಪಾಳೆಗಾಗಿ ಮಾತ್ರ ಬಂದಿತೇ? ನಾಯಕನು ಕೊನೆಯಲ್ಲಿ ಮೊದಲಿದ್ದಂತೆಯೇ ಇದ್ದನೇ, ಏನನ್ನಾದರೂ ಕಳೆದುಕೊಂಡನೇ, ಕಲಿತನೇ? ಕತ್ತಿ ಬೆಂಕಿಗಳನ್ನು ತೆಗೆದುಬಿಟ್ಟು ಹೇಳಿದರೆ ಕಥೆ ನಿಲ್ಲುತ್ತದೆಯೇ? ಹತ್ತು ವರ್ಷದ ಮಗುವೂ ಇವಕ್ಕೆ ಉತ್ತರ ಹೇಳಬಲ್ಲದು. ಹೇಳುತ್ತ ಹೇಳುತ್ತ ರಸಜ್ಞತೆಯನ್ನೂ ಕಲಿಯುತ್ತದೆ.

ನಿರ್ಮಾಪಕರು ನಮ್ಮ ಅಭಿರುಚಿಯನ್ನು ಲೆಕ್ಕದ ಪುಸ್ತಕದಲ್ಲಿ ಓದುತ್ತಾರೆ. ನಾವು ದೊಡ್ಡದಕ್ಕೆ ಮಾತ್ರ ಓಡಿದರೆ ಅವರು ದೊಡ್ಡದನ್ನೇ ಕಟ್ಟುತ್ತಾರೆ. ಮೊದಲ ‘ಕಾಂತಾರ’ದಂತಹ ಸಣ್ಣ ಸಾಹಸವೊಂದು ಇಂದು ಯಾವುದೋ ಊರಿನಲ್ಲಿ, ಹೆಸರಿಲ್ಲದ ಯಾರೋ ತರುಣನ ಕೈಯಲ್ಲಿ ಸಿದ್ಧವಾಗುತ್ತಿರಬಹುದು. ಅದಕ್ಕೆ ಅಧ್ಯಾಯದ ಸಂಖ್ಯೆಯಿರುವುದಿಲ್ಲ, ಊರತುಂಬ ಚಿತ್ರಪಟಗಳಿರುವುದಿಲ್ಲ. ಅದು ಬಂದ ಮೊದಲ ವಾರದಲ್ಲಿಯೇ ಹೋಗಿ ನೋಡುವ ನಾಲ್ಕು ಕುಟುಂಬಗಳು ಪ್ರತಿ ಊರಿನಲ್ಲಿಯೂ ಇದ್ದರೆ, ಮುಂದಿನ ಉತ್ತರಭಾಗಗಳಿಗೂ ಧೈರ್ಯ ಬರುತ್ತದೆ.