ಕೀಲಿಯೊಳಗಿನ ಪುಟ್ಟ ಬಿಲ್ಲೆ

ಕಳೆದ ಬೇಸಿಗೆ ರಜೆಯಲ್ಲಿ ನನ್ನ ಮೈದುನ ಬೆಂಗಳೂರಿನಿಂದ ಸಂಸಾರ ಸಮೇತ ಹನುಮಸಾಗರಕ್ಕೆ ಬಂದಿದ್ದ. ಅವನದು ಹೈಬ್ರಿಡ್ ಕಾರು. ಪೆಟ್ರೋಲ್ ಎಂಜಿನ್ ಜೊತೆಗೆ ವಿದ್ಯುತ್ ಮೋಟಾರೂ ಇರುವಂಥದ್ದು. ಬೇವಿನ ಮರದ ಕೆಳಗೆ ನಿಲ್ಲಿಸಿದ ಮೇಲೆ ಎಂಟು ದಿನ ಅದನ್ನು ಯಾರೂ ಓಡಿಸಲಿಲ್ಲ. ಮಕ್ಕಳು ಮಾತ್ರ ಅದರಲ್ಲಿ ಕುಳಿತು ರೇಡಿಯೋ ಹಚ್ಚುತ್ತಿದ್ದರು.

ಒಂಬತ್ತನೆಯ ದಿನ ಅತ್ತೆಯವರ ಕಣ್ಣಿನ ಪೊರೆ ತೆಗೆಸಲು ಬಾಗಲಕೋಟೆಗೆ ಹೊರಡಬೇಕಿತ್ತು. ಫಜರ್ ಮುಗಿಸಿ, ಬುತ್ತಿ ಕಟ್ಟಿಕೊಂಡು ಹೊರಗೆ ಬಂದರೆ ಕೀಲಿ ಎಷ್ಟು ಒತ್ತಿದರೂ ಕಾರು ಮಿಸುಕಲಿಲ್ಲ.

"ದೊಡ್ಡ ಬ್ಯಾಟರಿಯೇ ಹೋಗಿರಬೇಕು ಭಾಬಿ, ಲಕ್ಷಗಟ್ಟಲೆ ಖರ್ಚು" ಎಂದು ಮೈದುನ ತಲೆಗೆ ಕೈ ಹಚ್ಚಿ ಕುಳಿತ. ಅತ್ತೆಯವರು ಮಾತ್ರ, "ಮೊದಲು ನೋಡು ಬೇಟಾ, ಆಮೇಲೆ ಅಳು" ಎಂದರು.

ನೋಡಿದಾಗಲೇ ನನಗೂ ತಿಳಿದದ್ದು, ಹೈಬ್ರಿಡ್ ಕಾರಿಗೆ ಸಂಬಂಧಿಸಿ ಮೂರು ಬ್ಯಾಟರಿಗಳಿವೆ ಎಂದು. ಚಕ್ರ ತಿರುಗಿಸುವ ದೊಡ್ಡದು ಒಂದು. ಬಾಗಿಲು, ದೀಪ, ಕಂಪ್ಯೂಟರ್ ಎಬ್ಬಿಸುವ 12 ವೋಲ್ಟಿನದು ಇನ್ನೊಂದು. ಮೂರನೆಯದು ಕೀಲಿಯೊಳಗಿನ ಬಿಲ್ಲೆಯಂಥ 3 ವೋಲ್ಟಿನ ಸೆಲ್. ದೊಡ್ಡದು ಎಷ್ಟೇ ತುಂಬಿದ್ದರೂ 12 ವೋಲ್ಟಿನದು ಎಬ್ಬಿಸದಿದ್ದರೆ ಅದು ಏಳುವುದಿಲ್ಲ. 2022ರಿಂದ ನಮ್ಮ ಬಿಡದಿಯಲ್ಲೇ ತಯಾರಾಗುತ್ತಿರುವ ಹೈರೈಡರ್, ಹೈಕ್ರಾಸ್‌ನಂಥ ಹೈಬ್ರಿಡ್ ಕಾರುಗಳ ಏರ್ಪಾಡೂ ಇದೇ.

ಹಳೆಯ ಕಾರುಗಳ ಬ್ಯಾಟರಿ ಸೋತರೆ ಸ್ಟಾರ್ಟ್ ಮಾಡುವಾಗ ಎಂಜಿನ್ ನಿಧಾನವಾಗಿ ತಿರುಗಿ ಮೊದಲೇ ಸೂಚನೆ ಕೊಡುತ್ತಿತ್ತು. ಹೈಬ್ರಿಡ್‌ನಲ್ಲಿ ಎಂಜಿನ್ ತಿರುಗಿಸುವುದೂ ದೊಡ್ಡ ಬ್ಯಾಟರಿಯೇ. ಆದ್ದರಿಂದ ಚಿಕ್ಕದು ಸದ್ದಿಲ್ಲದೆ ಸೊರಗಿ ಒಂದು ಬೆಳಿಗ್ಗೆ ಕೈಕೊಡುತ್ತದೆ. ನಮ್ಮ ಕಡೆಯ ಬಿಸಿಲಂತೂ ಬ್ಯಾಟರಿಯ ಆಯುಷ್ಯವನ್ನು ತಿನ್ನುತ್ತದೆ.

ಮೈದುನನ ಅನುಮಾನ ಆಮೇಲೆ ಕೀಲಿಯ ಮೇಲೆ ಹೋಯಿತು. ಅದನ್ನು ಬಿಚ್ಚಿ, ಚೀಲದಲ್ಲಿದ್ದ ಹೊಸ ಸೆಲ್ ಹಾಕಿದ. ಪ್ರಯೋಜನವಾಗಲಿಲ್ಲ. ಹಾಗೆ ಗಡಿಬಿಡಿ ಮಾಡುವ ಬದಲು ಗುರುತು ನೋಡಬೇಕಿತ್ತು. ಕೀಲಿ ಒತ್ತಿದಾಗ ಅದರ ಪುಟ್ಟ ದೀಪ ಮಿನುಗಿದರೆ ಸೆಲ್‌ನಲ್ಲಿ ಇನ್ನೂ ಜೀವವಿದೆ. ಮನೆಯಲ್ಲಿ ಎರಡನೆಯ ಕೀಲಿ ಇದ್ದರೆ ಅದನ್ನೂ ಒತ್ತಿ ನೋಡಿ. ಎರಡಕ್ಕೂ ಕಾರು ಓಗೊಡದಿದ್ದರೆ ತಪ್ಪು ಕೀಲಿಯದಲ್ಲ. ಕೀಲಿಯೊಳಗೆ ಅಡಗಿಸಿಟ್ಟ ಲೋಹದ ಕೀಲಿಯಿಂದ ಚಾಲಕನ ಬಾಗಿಲು ತೆರೆಯಿರಿ. ಒಳದೀಪ ಹತ್ತದಿದ್ದರೆ, ಮಂಕಾಗಿದ್ದರೆ ಅಥವಾ ಗುಂಡಿ ಒತ್ತಿದಾಗ ಟಿಕ್ ಟಿಕ್ ಸದ್ದು ಮಾತ್ರ ಬಂದರೆ 12 ವೋಲ್ಟಿನದು ಸೋತಿದೆ. ದೀಪ ಚೆನ್ನಾಗಿ ಹತ್ತಿ, "ಕೀಲಿ ಕಾಣುತ್ತಿಲ್ಲ" ಎಂದು ಕಾರು ಹೇಳಿದರೆ ಸೆಲ್ ಸೋತಿದೆ. ಆಗಲೂ ದಾರಿ ಇದೆ: ಬಹುತೇಕ ಕಾರುಗಳಲ್ಲಿ ಬ್ರೇಕ್ ತುಳಿದು, ಕೀಲಿಯನ್ನು ಸ್ಟಾರ್ಟ್ ಗುಂಡಿಗೆ ತಾಗಿಸಿ ಹಿಡಿದರೆ ಕಾರು ಹೊರಡುತ್ತದೆ.

ನಮ್ಮ ಕಾರಿನ ಒಳದೀಪ ಹತ್ತಲಿಲ್ಲ. ಪಕ್ಕದ ಮನೆಯವರು ಮೀಟರ್ ತಂದು ಹಿಡಿದರೆ 10 ವೋಲ್ಟ್ ಕೂಡ ಇರಲಿಲ್ಲ. ತುಂಬಿದ ಬ್ಯಾಟರಿ ಸುಮಾರು 12.6 ತೋರಿಸಬೇಕು, 12ಕ್ಕಿಂತ ಇಳಿದರೆ ಬರಿದಾದಂತೆ. ಕಾರಣ ಹುಡುಕಿದಾಗ ನಗು ಬಂತು. ಮಕ್ಕಳ ರೇಡಿಯೋ ಒಂದಾದರೆ, ಕೀಲಿ ತೂಗುಹಾಕಿದ್ದ ಮೊಳೆ ಕಾರಿನ ಪಕ್ಕದ ಕಿಟಕಿಗೇ ಅಂಟಿಕೊಂಡಿತ್ತು. ಕೀಲಿ ಹತ್ತಿರವೇ ಇದ್ದರೆ ಕಾರು, ಕೀಲಿ ಎರಡೂ ಪರಸ್ಪರ ಕರೆಯುತ್ತಾ ಎಚ್ಚರವಾಗಿಯೇ ಇರುತ್ತವಂತೆ!

ಪಕ್ಕದವರ ಕಾರಿನಿಂದ ತಂತಿ ಜೋಡಿಸಿ, ಬ್ರೇಕ್ ತುಳಿದು ಗುಂಡಿ ಒತ್ತಿದಾಗ 'ರೆಡಿ' ದೀಪ ಹತ್ತಿತು. ಕೆಂಪು, ಕಪ್ಪು ತಂತಿ ಅದಲುಬದಲಾದರೆ ಕಂಪ್ಯೂಟರೇ ಸುಟ್ಟುಹೋಗಬಹುದು, ತಿಳಿದವರೇ ಜೋಡಿಸಲಿ. ಕಿತ್ತಳೆ ಬಣ್ಣದ ದಪ್ಪ ತಂತಿಗಳನ್ನು ಯಾರೂ ಮುಟ್ಟಬಾರದು, ಅವು ದೊಡ್ಡ ಬ್ಯಾಟರಿಯವು. ಕಾರು ನಿಂತೇ ಇದ್ದರೆ ವಾರಕ್ಕೊಮ್ಮೆ ಅರ್ಧ ಗಂಟೆಯಾದರೂ 'ರೆಡಿ'ಯಲ್ಲಿಡಿ. ಆದರೆ ಬಯಲಲ್ಲಿ ಮಾತ್ರ. ನಡುವೆ ಎಂಜಿನ್ ತಾನಾಗಿ ಶುರುವಾಗುವುದರಿಂದ ಮುಚ್ಚಿದ ಶೆಡ್ಡಿನಲ್ಲಿ ವಿಷದ ಹೊಗೆ ತುಂಬಿಕೊಳ್ಳುತ್ತದೆ.

ಇನ್ನೇನು ಹೊರಡಬೇಕು, ಅಷ್ಟರಲ್ಲಿ ಅತ್ತೆಯವರು ಕೂಗಿದರು. ಪೊರೆ ಬಂದ ಕಣ್ಣಿಗೂ ಕಂಡಿತ್ತು: ಮೈದುನ ಬಿಚ್ಚಿ ಕಟ್ಟೆಯ ಮೇಲಿಟ್ಟಿದ್ದ ಹಳೆಯ ಸೆಲ್ ಅವನ ಒಂದೂವರೆ ವರ್ಷದ ಮಗಳ ಕೈಯಲ್ಲಿತ್ತು. ಬಾಯಿಗೆ ಹೋಗುವ ಮೊದಲೇ ನಾನು ಕಿತ್ತುಕೊಂಡೆ. ಕೈ ನಡುಗುತ್ತಿತ್ತು.

ಕೀಲಿಗೆ ಸತ್ತ ಸೆಲ್ ಗಂಟಲಿಗೆ ಸತ್ತಿರುವುದಿಲ್ಲ, ಸಹೋದರಿಯರೇ. ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಅದರಲ್ಲಿ ಉಳಿದ ವಿದ್ಯುತ್ತೇ ಎರಡು ಗಂಟೆಯೊಳಗೆ ಒಳಚರ್ಮವನ್ನು ತೀವ್ರವಾಗಿ ಸುಡಬಲ್ಲದು. ಮಗು ಜೊಲ್ಲು ಸುರಿಸುತ್ತದೆ, ಕೆಮ್ಮುತ್ತದೆ, ಊಟ ಬೇಡವೆನ್ನುತ್ತದೆ. ಕೆಲವೊಮ್ಮೆ ಯಾವ ಲಕ್ಷಣವೂ ಇರುವುದಿಲ್ಲ. ನುಂಗಿದ ಅನುಮಾನವಿದ್ದರೂ ಸಾಕು, ಎಕ್ಸ್‌ರೇ ಇರುವ ಆಸ್ಪತ್ರೆಗೆ ತಕ್ಷಣ ಹೊರಡಿ. ವಾಂತಿ ಮಾಡಿಸಬೇಡಿ, ಊಟ ಕೊಡಬೇಡಿ. ವರ್ಷ ದಾಟಿದ ಮಗು ನುಂಗಬಲ್ಲ ಸ್ಥಿತಿಯಲ್ಲಿದ್ದರೆ ದಾರಿಯಲ್ಲಿ ಹತ್ತು ನಿಮಿಷಕ್ಕೊಮ್ಮೆ ಎರಡು ಟೀ ಚಮಚ ಜೇನುತುಪ್ಪ ಕೊಡಬಹುದು, ಆರು ಬಾರಿಯವರೆಗೆ. ಜೇನಿಗಾಗಿ ಅಂಗಡಿ ಹುಡುಕುತ್ತಾ ಹೊತ್ತು ಕಳೆಯಬೇಡಿ. ವರ್ಷದೊಳಗಿನ ಕೂಸಿಗೆ ಜೇನು ಬೇಡ. ವೈದ್ಯರಿಗೆ "ನಾಣ್ಯವಲ್ಲ, ಸೆಲ್" ಎಂದು ಸ್ಪಷ್ಟವಾಗಿ ಹೇಳಿ. ಎಕ್ಸ್‌ರೇಯಲ್ಲಿ ಎರಡೂ ಒಂದೇ ಥರ ಕಾಣಬಹುದು.

ಬಾಗಲಕೋಟೆಗೆ ತಡವಾಗಿ ತಲುಪಿದರೂ ಅತ್ತೆಯವರ ಶಸ್ತ್ರಚಿಕಿತ್ಸೆ ಅದೇ ದಿನ ಆಯಿತು. ಹಳೆಯ ಸೆಲ್‌ನ ಎರಡೂ ಬದಿಗೆ ಟೇಪು ಸುತ್ತಿ, ಡಬ್ಬಿಗೆ ಹಾಕಿ ಅಲಮಾರಿಯ ಮೇಲಿಟ್ಟೆ. ಕಿಟಕಿಯ ಮೊಳೆಯನ್ನು ಮೈದುನನೇ ಕಿತ್ತು ಹಾಕಿದ.