ಹಾಸಿಗೆಯ ಬದಿಯ ಕಾವಲುಗಾರ

ಗೃಹಸ್ಥನಾದವನಿಗೆ ದವಾಖಾನೆಯ ಮೆಟ್ಟಿಲು ಒಂದಿಲ್ಲೊಂದು ದಿನ ತಪ್ಪಿದ್ದಲ್ಲ. ಅಲ್ಲಿ ರೋಗಿಯ ತಲೆದೆಸೆಯಲ್ಲಿ ಮಿನುಗುತ್ತ, ಆಗಾಗ ಕೂಗಿಕೊಳ್ಳುವ ಮಾನಿಟರೆಂಬ ಯಂತ್ರವನ್ನು ವಾಚಕರಲ್ಲಿ ಅನೇಕರು ಕಂಡಿರಬಹುದು. ಅದರ ಕೂಗಿನ ಅರ್ಥವನ್ನರಿಯದೆ ನಾವು ಮಾಡಿದ ಒಂದು ತಪ್ಪನ್ನು ಇಲ್ಲಿ ಒಪ್ಪಿಕೊಳ್ಳುವೆವು. ಓದಿದವರು ಅದನ್ನು ಮಾಡದಿದ್ದರೆ ನಮ್ಮ ಶ್ರಮವು ಸಾರ್ಥಕವಾದೀತು.

ಬ್ಯಾಡಗಿಯಲ್ಲಿರುವ ನಮ್ಮ ಅಕ್ಕನವರಿಗೆ ಬಹುವರ್ಷಗಳಿಂದ ಶ್ವಾಸಕೋಶದ ರೋಗವುಂಟು. ನಾಲ್ವತ್ತು ವರ್ಷ ಕಟ್ಟಿಗೆಯ ಒಲೆಯ ಹೊಗೆಯನ್ನುಂಡುದರ ಫಲವಿದೆಂದು ವೈದ್ಯರ ಮತ. ಕಳೆದ ಮಾಗಿಯಲ್ಲಿ ಉಬ್ಬಸವು ಹೆಚ್ಚಲು, ಅವರನ್ನು ಹಾವೇರಿಯ ಒಂದು ದವಾಖಾನೆಗೆ ಸೇರಿಸಬೇಕಾಯಿತು. ನಾವು ರಾಣೆಬೆನ್ನೂರಿನಿಂದ ಹೋಗಿ ಬಳಿಯಲ್ಲಿ ಕುಳಿತೆವು. ಎದೆಗೆ ತಂತಿಗಳು, ತೋಳಿಗೆ ಪಟ್ಟಿ, ಬೆರಳಿಗೊಂದು ಕ್ಲಿಪ್ಪು. ಯಂತ್ರವು ಗಳಿಗೆಗೊಮ್ಮೆ ಕೂಗುತ್ತಿತ್ತು, ಅಕ್ಕನವರಿಗೆ ನಿದ್ದೆಯಿಲ್ಲ. ಕನಿಕರದಿಂದ ನಾವು ಗಂಟೆಯ ಚಿತ್ರವಿದ್ದ ಗುಂಡಿಯನ್ನು ಒತ್ತಿದೆವು. ಕೂಗು ನಿಂತಿತು, ಎರಡು ನಿಮಿಷಕ್ಕೆ ಮರಳಿ ಬಂದಿತು, ಮತ್ತೆ ಒತ್ತಿದೆವು. ಮೂರನೆಯ ಸಲ ನರ್ಸಬಾಯಿಯು ಕಂಡು, "ಅಜ್ಜಾರ, ಅದನ್ನ ಒತ್ತಬ್ಯಾಡ್ರಿ. ಅದು ನಿಮ್ಮನ್ನಲ್ಲ, ನಮ್ಮನ್ನ ಕರೀತೈತ್ರಿ" ಎಂದಳು. ಜೀವಮಾನವೆಲ್ಲ ಅನ್ಯರನ್ನು ತಿದ್ದಿದ ನಾವು ತಲೆ ತಗ್ಗಿಸಿದೆವು.

ನಮ್ಮ ಪೂರ್ವದ ವೈದ್ಯರು ಹೆಬ್ಬೆರಳ ಬುಡದ ನಾಡಿಯನ್ನು ಹಿಡಿದು ದೇಹಸ್ಥಿತಿಯನ್ನು ಅರಿಯುತ್ತಿದ್ದರು. ಶಾರ್ಙ್ಗಧರಸಂಹಿತೆಯಲ್ಲಿ ನಾಡಿಯ ಗತಿಯನ್ನು ಹಾವು, ಕಪ್ಪೆ, ಹಂಸಗಳ ನಡೆಗೆ ಹೋಲಿಸಿದೆ. ಆದರೆ ವೈದ್ಯನು ಕೈಬಿಟ್ಟ ಮೇಲೆ ನಾಡಿಯನ್ನು ಕಾಯುವವರಾರು? ಈ ಯಂತ್ರವು ಹಗಲಿರುಳು ಕೈಬಿಡದೆ ಕಾಯುತ್ತದೆ. ಬೆರಳಿನ ಕ್ಲಿಪ್ಪು ಕೆಂಪು ಬೆಳಕನ್ನೂ ಕಣ್ಣಿಗೆ ಕಾಣದ ಇನ್ನೊಂದು ಕಿರಣವನ್ನೂ ಹಾಯಿಸಿ, ರಕ್ತದಲ್ಲಿಯ ಪ್ರಾಣವಾಯುವನ್ನು ಅಳೆಯುತ್ತದೆ. ಇದರ ತತ್ತ್ವವನ್ನು 1974ರಲ್ಲಿ ಲೋಕಕ್ಕೆ ತಿಳಿಸಿದವರು ಜಪಾನದ ತಕುವೊ ಅವೊಯಾಗಿ ಎಂಬವರು.

ಯಂತ್ರಕ್ಕೆ ಶಕ್ತಿಯುಂಟು, ವಿವೇಕವಿಲ್ಲ. ಮೇರೆಯನ್ನು ಮನುಷ್ಯನೇ ಹಾಕಿಕೊಡತಕ್ಕದ್ದು. ಮೊದಲು ರೋಗಿಯು ಹಿರಿಯನೋ, ಬಾಲಕನೋ, ಹಸುಗೂಸೋ ಎಂಬುದನ್ನು ಗೊತ್ತುಪಡಿಸಬೇಕು. ಯಾಕಂದರೆ ನಿಮಿಷಕ್ಕೆ 140 ಬಡಿತವು ಹಸುಗೂಸಿಗೆ ಸಹಜ; ಮಲಗಿರುವ ಹಿರಿಯರಿಗೆ ಅದು ಅಪಾಯದ ಗುರುತು. ಬಳಿಕ ಬಡಿತ, ಉಸಿರು, ರಕ್ತದೊತ್ತಡ, ಪ್ರಾಣವಾಯು ಇವುಗಳಿಗೆ ಮೇಲಿನ ಕೆಳಗಿನ ಮೇರೆಗಳು. ಮೇರೆ ದಾಟಿದೊಡನೆ ಕೂಗು. ಪ್ರಾಣಾಪಾಯಕ್ಕೆ ಕೆಂಪು ದೀಪ, ಅದಕ್ಕಿಂತ ಕಡಿಮೆಯದಕ್ಕೆ ಹಳದಿ. ಆ ಗಳಿಗೆಯ ಹೃದಯರೇಖೆಯನ್ನು ಕಾದಿರಿಸಿ, ತರುವಾಯ ಬಂದ ವೈದ್ಯರಿಗೆ ತೋರಿಸುವಂತೆಯೂ ಅನೇಕ ಯಂತ್ರಗಳಲ್ಲಿ ಏರ್ಪಡಿಸಬಹುದು.

ನಮ್ಮ ರಾಣೆಬೆನ್ನೂರ ಸುತ್ತಲಿನ ಹೊಲಗಳಿಗೆ ಕೃಷ್ಣಮೃಗಗಳು ನುಗ್ಗುವುದುಂಟು. ಹೊಲ ಕಾಯುವವನು ಎಲೆ ಅಲುಗಿದಾಗಲೆಲ್ಲ ಡಬ್ಬಿ ಬಡಿದರೆ, ಮೃಗವು ಬಂದ ರಾತ್ರಿ ಯಾರೂ ಏಳಲಾರರು. ಮೇರೆ ತಪ್ಪಿದ ಯಂತ್ರದ ಗತಿಯೂ ಅದೇ. ಅಮೇರಿಕೆಯಲ್ಲಿ ದವಾಖಾನೆಗಳ ಗುಣವನ್ನು ಪರೀಕ್ಷಿಸುವ ಜಾಯಿಂಟ್ ಕಮಿಷನ್ ಎಂಬ ಸಂಸ್ಥೆಯು, 2009ರ ಜನವರಿಯಿಂದ 2012ರ ಜೂನದ ವರೆಗೆ ಈ ಕೂಗುಗಳಿಗೆ ಸಂಬಂಧಿಸಿ ತನಗೆ ವರದಿಯಾದ 98 ಪ್ರಸಂಗಗಳಲ್ಲಿ 80 ಜನರು ಮೃತರಾದರೆಂದು 2013ರಲ್ಲಿ ಪ್ರಕಟಿಸಿತು. ಕೂಗು ಕೇಳಿ ಕೇಳಿ ಕಿವಿ ಮಂದವಾದುದೂ ಮೇರೆಯನ್ನು ರೋಗಿಗೆ ತಕ್ಕಂತೆ ಇಡದಿದ್ದುದೂ ಅದರ ಕಾರಣಗಳಲ್ಲಿ ಸೇರಿದ್ದವು.

ಅಕ್ಕನವರ ಯಂತ್ರದಲ್ಲಿ ಪ್ರಾಣವಾಯುವಿನ ಕೆಳಮೇರೆಯು ನೂರಕ್ಕೆ 90 ಇದ್ದಿತು. ಇಂತಹ ಹಳೆಯ ರೋಗದವರಿಗೆ 88ರಿಂದ 92 ಸಾಕು, ಮಿತಿಮೀರಿದ ಪ್ರಾಣವಾಯುವೂ ಕೇಡೇ ಎಂದು ವೈದ್ಯರು ತಿಳಿಸಿ, ಮೇರೆಯನ್ನು 88ಕ್ಕೆ ಇಳಿಸಿದರು. ಪಟ್ಟಿಯೂ ಕ್ಲಿಪ್ಪೂ ಒಂದೇ ಕೈಯಲ್ಲಿದ್ದವು. ಪಟ್ಟಿ ಬಿಗಿದಾಗ ರಕ್ತವು ತಡೆದು ಸುಳ್ಳುಕೂಗು ಏಳುತ್ತಿತ್ತು. ನರ್ಸಬಾಯಿಯು ಕ್ಲಿಪ್ಪನ್ನು ಮತ್ತೊಂದು ಕೈಗೆ ಹಾಕಿದಳು. ಕೂಗಡಗಿತು, ಅಕ್ಕನವರು ನಿದ್ದೆಹೋದರು.

ಬೆಳಗಿನ ಜಾವ ಮೂರಕ್ಕೆ ಯಂತ್ರವು ಕೂಗಿತು. ಅಂಕೆ 81. ಈ ಸಲ ನಮ್ಮ ಕೈ ಗುಂಡಿಗೆ ಹೋಗಲಿಲ್ಲ. ನರ್ಸಬಾಯಿಯು ಓಡಿಬಂದು, ಹೊದಿಕೆಯ ಅಡಿಯಲ್ಲಿ ಕಳಚಿಬಿದ್ದಿದ್ದ ಪ್ರಾಣವಾಯುವಿನ ನಳಿಗೆಯನ್ನು ಜೋಡಿಸಿದಳು. ಅಂಕೆಯು ಮೆಲ್ಲಮೆಲ್ಲನೆ ಏರಿತು. ಹಗಲಿನಂತೆಯೇ ಸುಳ್ಳುಕೂಗು ನಡೆದಿದ್ದು, ನಾವು ಗುಂಡಿಯನ್ನು ಒತ್ತುತ್ತಲೇ ಇದ್ದಿದ್ದರೆ ಏನಾಗುತ್ತಿತ್ತೆಂಬುದನ್ನು ನೆನೆದರೆ ಈಗಲೂ ಮೈ ನಡುಗುತ್ತದೆ.

ಆದಕಾರಣ ಗೃಹಸ್ಥರಲ್ಲಿ ನಮ್ಮ ಬಿನ್ನಹವಿಷ್ಟೆ: ಯಂತ್ರದ ಗುಂಡಿಯನ್ನು ಮುಟ್ಟಬೇಡಿರಿ, ಕೂಗಿದಾಗ ದಾದಿಯರನ್ನು ಕರೆಯಿರಿ. ರೋಗಿಯ ಬೆರಳು ಬೆಚ್ಚಗಿರಲಿ, ಉಗುರಿಗೆ ಬಣ್ಣವಿರದಿರಲಿ. ನಮ್ಮವರಿಗೆ ಯಾವ ಅಂಕೆ ಸರಿಯೆಂದು ವೈದ್ಯರನ್ನು ಸಂಕೋಚವಿಲ್ಲದೆ ಕೇಳಿರಿ. ಅಕ್ಕನವರು ಈಗ ಬ್ಯಾಡಗಿಗೆ ಮರಳಿದ್ದಾರೆ. ಮನೆಯಲ್ಲಿ ಕಟ್ಟಿಗೆಯ ಒಲೆಯನ್ನು ತೆಗೆದುಹಾಕಿಸಿದ್ದೇವೆ.